ಕಬ್ಬಿಣದ ಮಾತ್ರೆ ನುಂಗುವ ಹುಡುಗಿ: ಒಂದು ಫೇರಿ ಕಾದಂಬರಿ ಬರೆದ ಅನುಭವ

ನನ್ನ ಕಾದಂಬರಿ ಹುಟ್ಟಿದ್ದು ಒಂದು ಹೆದ್ದಾರಿಯಿಂದ.

ಐರ್ಲೆಂಡಿನ ಪಶ್ಚಿಮದಲ್ಲಿ ಕ್ಲೇರ್ ಅಂತ ಒಂದು ಕೌಂಟಿ, ಅಂದರೆ ಜಿಲ್ಲೆ, ಇದೆ. ಅಲ್ಲಿನ ಲಟೂನ್ ಎಂಬ ಜಾಗದಲ್ಲಿ ಹೊಸ ರಸ್ತೆ ಬರಬೇಕಿತ್ತು. ಅದರ ದಾರಿಗೆ ಒಂದು ಒಂಟಿ ಹಾಥಾರ್ನ್ ಪೊದೆ ಅಡ್ಡ ಬಂತು. ಮೇ ತಿಂಗಳಲ್ಲಿ ಬೆಳ್ಳಗೆ ಹೂ ಬಿಡುವ ಮುಳ್ಳಿನ ಗಿಡ ಅದು. 1999ರಲ್ಲಿ ಎಡ್ಡಿ ಲೆನಿಹನ್ ಎಂಬ ಜಾನಪದ ಕಥೆಗಾರರು ಅದನ್ನು ಕಡಿಯಬೇಡಿ ಎಂದು ಪತ್ರಿಕೆಗೆ ಬರೆದರು. ಫೇರಿಗಳು ಅಂದರೆ ಅಲ್ಲಿನ ಜಾನಪದದಲ್ಲಿ ಮಣ್ಣಿನ ದಿಬ್ಬಗಳೊಳಗೆ ಬದುಕುವ ಮಾಯಾಜನ. ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕೊನಾಕ್ಟ್ ಪ್ರಾಂತ್ಯದವರ ಮೇಲೆ ಯುದ್ಧಕ್ಕೆ ಹೋಗುವಾಗ ಸೇರುವ ಜಾಗ ಅದು, ಕಡಿದರೆ ಆ ರಸ್ತೆಗೆ ಒಳ್ಳೇದಾಗಲ್ಲ ಅನ್ನೋದು ಅವರ ಮಾತು. ಸುದ್ದಿ ದೇಶ ದಾಟಿತು. ಕೊನೆಗೆ ರಸ್ತೆಯೂ ಆಯಿತು, ಪೊದೆಯೂ ಉಳಿಯಿತು. ಆಮೇಲೆ ಯಾರೋ ಗರಗಸ ತಂದು ಅದರ ಕೊಂಬೆಗಳನ್ನೆಲ್ಲ ಕತ್ತರಿಸಿ ಹೋದರು. ಅದು ಮತ್ತೆ ಚಿಗುರಿತು.

ಇದನ್ನು ಓದಿದಾಗ ನನ್ನನ್ನು ಫೇರಿಗಳಿಗಿಂತ ಜಾಸ್ತಿ ಕಾಡಿದ್ದು ರಸ್ತೆ ಅಳೆಯುವವರು. ಉಪಗ್ರಹದ ಸಹಾಯದಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಗುರುತು ಮಾಡುವ ಒಬ್ಬ ಹೆಂಗಸು. ಅವಳ ಮನೆಯಲ್ಲಿ ಹದಿನಾರು ವರ್ಷದ ಮಗಳು. ಆ ಮಗಳ ಅಣ್ಣ ಏಳು ವರ್ಷದ ಹಿಂದೆ, ಹದಿನೇಳನೇ ವಯಸ್ಸಲ್ಲಿ, ಒಂದು ರಾತ್ರಿ ಮನೆಗೆ ಬರಲೇ ಇಲ್ಲ. ಈಗ ಅಮ್ಮನ ಹೊಸ ರಸ್ತೆ ಹಾದು ಹೋಗೋದು ಅವನು ಕಾಣೆಯಾದ ಜಾಗದ ಪಕ್ಕದಲ್ಲೇ. ಇಷ್ಟು ಹೊಳೆದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಬರೆಯಲು ಶುರು ಮಾಡುವ ಮುಂಚೆ ಒಂದು ವಿಷಯ ಮನಸ್ಸಲ್ಲಿ ಗಟ್ಟಿ ಮಾಡಿಕೊಂಡೆ. ಹಳೇ ಕಥೆಗಳ ನಿಯಮಗಳಲ್ಲಿ ಒಂದನ್ನೂ ನನ್ನ ಅನುಕೂಲಕ್ಕೆ ಸಡಿಲ ಮಾಡಬಾರದು. ಕಬ್ಬಿಣ ಫೇರಿಗಳನ್ನು ಸುಡುತ್ತೆ ಅಂದರೆ ಸುಡಲೇಬೇಕು. ಅವರು ಸುಳ್ಳು ಹೇಳೋ ಹಾಗಿಲ್ಲ ಅಂದರೆ ಹೇಳೋ ಹಾಗಿಲ್ಲ. ಇವತ್ತಿನ ಜಗತ್ತನ್ನು ಕಥೆಯೊಳಗೆ ತರಬೇಕಾದರೆ ಫೇರಿಗಳ ಕೈಗೆ ಫೋನ್ ಕೊಟ್ಟರೆ ಸಾಕಾಗಲ್ಲ. ಆ ನಿಯಮಗಳ ಒಳಗೇ ಇವತ್ತಿನ ಜಗತ್ತು ಸಿಕ್ಕಿಕೊಂಡು ಒದ್ದಾಡಬೇಕು. ಇದನ್ನು ಪಾಲಿಸೋಕೆ ತುಂಬಾ ಕಷ್ಟಪಟ್ಟೆ. ಆದರೆ ಕಾದಂಬರಿಯಲ್ಲಿ ಏನು ಚೆನ್ನಾಗಿದೆಯೋ ಅದೆಲ್ಲ ಬಂದಿದ್ದು ಇಲ್ಲಿಂದಲೇ.

ಓದು ಮೊದಲು ಬಂತು. ಫೇರಿಗಳ ಬಗ್ಗೆ ಬೇಕಾದಷ್ಟು ಬರಹ ಇದೆ. ಸ್ಕಾಟ್ಲೆಂಡಿನ ಅಬರ್‌ಫಾಯ್ಲ್ ಊರಿನ ಪಾದ್ರಿ ರಾಬರ್ಟ್ ಕರ್ಕ್ 1690ರ ದಶಕದ ಆರಂಭದಲ್ಲೇ ಇವರ ಬಗ್ಗೆ ಒಂದು ಹಸ್ತಪ್ರತಿ ಬರೆದಿದ್ದರು. ಅವರ ಕೂಳು, ಉಡುಗೆ, ಮನೆ ಬದಲಿಸುವ ಕಾಲ, ಎಲ್ಲ ಅದರಲ್ಲಿದೆ. ನೆರೆಮನೆಯವರ ಬಗ್ಗೆ ಬರೆದಷ್ಟು ಸಲೀಸಾಗಿ ಬರೆದಿದ್ದಾರೆ. ಕರ್ಕ್ 1692ರಲ್ಲಿ ತೀರಿಕೊಂಡಾಗ ಜನ ಅವರು ಸತ್ತಿಲ್ಲ, ಫೇರಿ ದಿಬ್ಬದೊಳಗೆ ಒಯ್ದರು ಅಂದರು.

ಆದರೆ ನನ್ನ ಕೈ ಹಿಡಿದಿದ್ದು ಮಕ್ಕಳ ನೋಟ್‌ಬುಕ್ಕುಗಳು. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಒಂದು ದೊಡ್ಡ ಕೆಲಸ ಮಾಡಿತು. ಪ್ರಾಥಮಿಕ ಶಾಲೆಯ ಮೇಲಿನ ತರಗತಿಯ ಮಕ್ಕಳಿಗೆ ಮನೆಯ ಹಿರಿಯರ ಹತ್ತಿರ ಕಥೆ ಕೇಳಿ ಬರೆದುಕೊಂಡು ಬನ್ನಿ ಅಂತ ಹೇಳಿತು. ಸುಮಾರು 5,000 ಶಾಲೆ, 50,000ದಷ್ಟು ಮಕ್ಕಳು. ಆ ಪುಟಗಳು ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಗುಂಡು ಗುಂಡಾದ ಅಕ್ಷರ, ಗೆರೆ ಎಳೆದ ಕಾಗದ. ಒಂದೇ ಪುಟದಲ್ಲಿ ಕಥೆ ಮುಗಿಯುತ್ತೆ. ಯಾರೋ ಪೊದೆ ಕಡಿದ, ಕೈ ಊದಿತು. ಯಾರೋ ದಿಬ್ಬದ ಮೇಲೆ ಮಲಗಿದ, ಎದ್ದಾಗ ಮೊದಲಿನಂತಿರಲಿಲ್ಲ. ವಿವರಣೆ ಇಲ್ಲ, ನಡುಗಿಸುವ ಮಾತೂ ಇಲ್ಲ. ಬೇಲಿ ಮುರಿದಿದ್ದು, ಹಸು ಕಳೆದುಹೋಗಿದ್ದು ಹೇಳಿದಂತೆಯೇ ಇದನ್ನೂ ಹೇಳಿ ಮುಗಿಸುತ್ತಾರೆ.

ಆ ದನಿ ನನಗೆ ಬೇಕಿತ್ತು. ಹದಿಹರೆಯದ ಹುಡುಗಿ ಕಥೆ ಹೇಳುವಾಗ ಪ್ರತಿ ವಿಚಿತ್ರಕ್ಕೂ ಬೆಚ್ಚಿಬಿದ್ದರೆ ಓದುವವರು ಬೇಗ ಸುಸ್ತಾಗುತ್ತಾರೆ. ಹಾಗಾಗಿ ನನ್ನ ಹುಡುಗಿ ಕಂಡಿದ್ದನ್ನು ಕಂಡಂತೆ ಹೇಳುತ್ತಾಳೆ. ಬೆಚ್ಚುವುದು ಓದುಗರಿಗೆ ಬಿಟ್ಟ ವಿಷಯ.

ರೆಕ್ಕೆಯ ಪ್ರಶ್ನೆ ಬೇಗ ಮುಗಿಯಿತು. ಹಳೇ ಐರಿಷ್ ಮತ್ತು ಸ್ಕಾಟಿಷ್ ಕಥೆಗಳಲ್ಲಿ ಇವರಿಗೆ ಚಿಟ್ಟೆಯ ರೆಕ್ಕೆ ಇರಲ್ಲ. ಅದು ಆಮೇಲೆ ಚಿತ್ರಕಾರರು ಮತ್ತು ರಂಗಭೂಮಿಯವರು ಅಂಟಿಸಿದ್ದು. ನನ್ನ ಕಥೆಯಲ್ಲಿ ರೆಕ್ಕೆ ಇಲ್ಲ. ಇವರು ಮನುಷ್ಯರ ಎತ್ತರದವರು, ನಿಮ್ಮ ಪಕ್ಕ ನಿಂತರೆ ಗೊತ್ತೇ ಆಗಲ್ಲ.

ಇವರು ಇರೋದು ಎಲ್ಲಿ? ಐರ್ಲೆಂಡಿನ ಹೊಲಗಳಲ್ಲಿ ಗುಂಡಗಿನ ಮಣ್ಣಿನ ದಿಬ್ಬಗಳಿವೆ, ರಿಂಗ್‌ಫೋರ್ಟ್ ಅಂತಾರೆ. ಹೆಚ್ಚಿನವು ಸುಮಾರು 500ರಿಂದ 1000ನೇ ಇಸವಿಯ ನಡುವೆ ಬದುಕಿದ್ದ ರೈತರ ಮನೆ ಸುತ್ತಲಿನ ಕೋಟೆ. ಹತ್ತಾರು ಸಾವಿರ ಇವತ್ತಿಗೂ ಉಳಿದಿವೆ. ಅದು ಫೇರಿಗಳ ಜಾಗ ಎಂಬ ಭಯ ಇವುಗಳನ್ನು ನೇಗಿಲಿನಿಂದ ಎಷ್ಟೋ ಕಾಲ ಕಾಪಾಡಿದೆ. ಈಗ ಇಂಥ ದಿಬ್ಬಗಳಿಗೆ ಕಾನೂನಿನ ರಕ್ಷಣೆಯೂ ಇದೆ. ಹೆದ್ದಾರಿಯೊಂದು ದಿಬ್ಬದ ಮೇಲೆಯೇ ಹಾದು ಹೋಗುತ್ತೆ, ಬುಲ್ಡೋಜರ್ ಬರುತ್ತೆ, ಎಲ್ಲರೂ ಅಡ್ಡ ನಿಲ್ಲುತ್ತಾರೆ ಎಂಬ ಕಥೆ ಹಾಗಾಗಿ ಅಷ್ಟು ಸಲೀಸಾಗಿ ನಡೆಯಲ್ಲ. ರಸ್ತೆ ಪಕ್ಕದಲ್ಲಿ ಹಾದು ಹೋಗಬೇಕು. ಇದು ನನಗೆ ಒಳ್ಳೇದೇ ಆಯಿತು. ಅಮ್ಮ ಆ ದಿಬ್ಬವನ್ನು ಕಾಪಾಡಲೆಂದೇ ಅದರ ಸುತ್ತ ಗಡಿ ಗುರುತು ಮಾಡುತ್ತಾಳೆ. ಉಕ್ಕಿನ ಮೊಳೆಗಳನ್ನು ಸುತ್ತಲೂ ನೆಲಕ್ಕೆ ಹೊಡೆಯುತ್ತಾಳೆ. ಉಕ್ಕು ಅಂದರೆ ಬಹುಪಾಲು ಕಬ್ಬಿಣವೇ. ಕಾಪಾಡಲು ಹಾಕಿದ ಗಡಿ ಒಳಗಿದ್ದವರಿಗೆ ಸೆರೆಮನೆ ಆಗುತ್ತೆ. ಕಥೆಯ ಜಗಳ ಅಲ್ಲಿ ಶುರು.

ಕಬ್ಬಿಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಬರೆಯುವಾಗ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಹಳೇ ಕಾಲದಲ್ಲಿ ಬಾಗಿಲ ಮೇಲೆ ಒಂದು ಲಾಳ, ತೊಟ್ಟಿಲ ಮೇಲೆ ಒಂದು ಕತ್ತರಿ ಇಟ್ಟರೆ ಸಾಕಿತ್ತು. ಇವತ್ತು? ಕಾಂಕ್ರೀಟ್ ಗೋಡೆಯೊಳಗೆ ಸರಳು. ಕಾರು, ರೈಲು, ಲಿಫ್ಟು, ಸೇತುವೆ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಕಬ್ಬಿಣವೇ ಹೆಚ್ಚು. ಫೇರಿಯೊಬ್ಬಳು ಈ ಊರಲ್ಲಿ ಹೇಗೆ ನಡೆದಾಡುತ್ತಾಳೆ? ನಾನು ಒಂದು ನಕ್ಷೆ ಹಾಕಿಕೊಂಡು ಪ್ರತಿ ಜಾಗಕ್ಕೂ ಉತ್ತರ ಹುಡುಕಿದೆ. ಬಹುಮಹಡಿ ಕಾರ್ ಪಾರ್ಕಿಂಗ್ ಒಳಗೆ ಅವಳು ಕಾಲಿಡಲಾರಳು. ಬರೀ ಕಲ್ಲು, ಸುಣ್ಣದಲ್ಲಿ ಕಟ್ಟಿದ ಹಳೇ ಚರ್ಚಿನ ಗೋಡೆ ಪಕ್ಕ ನಿಲ್ಲಬಲ್ಲಳು. ಬಸ್ಸು ಹತ್ತಲಾರಳು. ಅಲ್ಯೂಮಿನಿಯಂ ದೋಣಿಯಲ್ಲಿ ಕೂರಬಲ್ಲಳು. ಫೋನು? ಅದರ ಚೌಕಟ್ಟು ಅಲ್ಯೂಮಿನಿಯಂ, ಮುಂದೆ ಗಾಜು, ಹಿಡಿಯಬಹುದು. ಆದರೆ ಸ್ಪೀಕರಿನ ಪುಟಾಣಿ ಅಯಸ್ಕಾಂತದಲ್ಲಿ ನಿಯೋಡಿಮಿಯಂ ಜೊತೆ ಕಬ್ಬಿಣವೂ ಇದೆ, ತೂಕದಲ್ಲಿ ಅದೇ ಜಾಸ್ತಿ. ಹಾಗಾಗಿ ಅವಳು ಫೋನನ್ನು ಅಂಗೈಯಲ್ಲಿ ಹಿಡಿಯುತ್ತಾಳೆ, ಕಿವಿಗೆ ಮಾತ್ರ ತರಲ್ಲ. ಕಾದಂಬರಿಯಲ್ಲಿ ಹುಡುಗಿಗೆ ಮೊದಲ ಅನುಮಾನ ಬರೋದೇ ಇಲ್ಲಿ. ಎದುರಿಗಿರುವ ಹೆಂಗಸು ಫೋನನ್ನು ಎದೆಯ ಮಟ್ಟಕ್ಕೆ, ಬೆರಳ ತುದಿಯಲ್ಲಿ ಹಿಡಿದು, ಕತ್ತು ಹಿಂದಕ್ಕೆ ಎಳೆದುಕೊಂಡು ಮಾತು ಕೇಳುತ್ತಾಳೆ. ಸುಡುವ ಪಾತ್ರೆ ಹಿಡಿದವರ ಹಾಗೆ.

ಈ ಲೆಕ್ಕ ಹಾಕುತ್ತಾ ಕೂತಾಗ ಇನ್ನೊಂದು ಪ್ರಶ್ನೆ ಎದ್ದಿತು. ಮನುಷ್ಯರ ಮೈಯಲ್ಲೂ ಕಬ್ಬಿಣ ಇದೆ ಅಲ್ವಾ? ವಯಸ್ಕರ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ, ಅದರಲ್ಲಿ ಹೆಚ್ಚಿನದು ರಕ್ತದಲ್ಲಿ. ಹಾಗಾದರೆ ಫೇರಿಗಳು ಮನುಷ್ಯರನ್ನು ಮುಟ್ಟೋದು ಹೇಗೆ, ಹೊತ್ತೊಯ್ಯೋದು ಹೇಗೆ? ಹಳೇ ಕಥೆಗಳಲ್ಲಿ ಅವರು ಒಯ್ಯುವುದು ಯಾರನ್ನು ಅಂತ ಮತ್ತೆ ನೋಡಿದೆ. ಬಾಣಂತಿಯರು. ಎಳೆಯ ಹೆಂಗಸರು. ಮಕ್ಕಳು. ಬಿಳಿಚಿಕೊಂಡವರು, ಸೊರಗಿದವರು, ಯಾವಾಗಲೂ ಸುಸ್ತು ಅನ್ನುವವರು. ಇವತ್ತು ವೈದ್ಯರು ಕಬ್ಬಿಣದ ಕೊರತೆ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸುವುದು ಇಂಥವರಿಗೇ.

ಕುರ್ಚಿಯಿಂದ ಎದ್ದು ಓಡಾಡಿದೆ. ಕಾದಂಬರಿಗೆ ಬೆನ್ನೆಲುಬು ಸಿಕ್ಕಿತ್ತು.

ನನ್ನ ಹುಡುಗಿಗೆ ರಕ್ತಹೀನತೆ ಇದೆ. ಹದಿಹರೆಯದ ಹುಡುಗಿಯರಲ್ಲಿ ಇದು ತೀರಾ ಸಾಮಾನ್ಯ. ಮಾಸಿಕ ಸ್ರಾವ ಜಾಸ್ತಿ ಇದ್ದರಂತೂ ಕೇಳೋದೇ ಬೇಡ. ಮೆಟ್ಟಿಲು ಹತ್ತಿದರೆ ಏದುಸಿರು, ಉಗುರು ಬಿಳಿ, ತರಗತಿಯಲ್ಲಿ ತೂಕಡಿಕೆ. ಅದಕ್ಕೇ ಅವಳಿಗೆ ಫೇರಿಗಳು ಕಾಣುತ್ತಾರೆ, ಅದಕ್ಕೇ ಅವರು ಅವಳ ಹತ್ತಿರ ಬರಬಲ್ಲರು. ಅಣ್ಣನೂ ಹಾಗೇ ಇದ್ದ, ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಮೊದಲ ಕರಡನ್ನು ಕೆಲವು ಹದಿಹರೆಯದ ಓದುಗರಿಗೆ ಕೊಟ್ಟಿದ್ದೆ. ಅವರಲ್ಲಿ ಒಬ್ಬಳು ಸ್ವತಃ ಕಬ್ಬಿಣದ ಮಾತ್ರೆ ತಗೊಳ್ಳುವವಳು. ಆ ಕರಡಿನಲ್ಲಿ ಹುಡುಗಿ ಅಣ್ಣನನ್ನು ಹುಡುಕಲೆಂದು ಮಾತ್ರೆ ಬಿಟ್ಟುಬಿಡುತ್ತಾಳೆ. ಅದು ಕಥೆಗೆ ಸಲೀಸು. ಆ ಓದುಗಾರ್ತಿ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದಳು: "ಇವಳು ಮಾತ್ರೆ ಬಿಟ್ಟಿದ್ದಕ್ಕೆ ಬಹುಮಾನ ಸಿಗ್ತಿದೆ." ಆ ಸಾಲು ನನ್ನನ್ನು ಬಿಡಲಿಲ್ಲ. ಹದಿನಾರರ ಓದುಗರಿಗೆ ನಾನು ಬರೆಯುತ್ತಿದ್ದೇನೆ. ಔಷಧಿ ಬಿಟ್ಟರೆ ಮಾಯಾಲೋಕ ಕಾಣುತ್ತೆ ಅನ್ನುವ ಪುಸ್ತಕ ಅವರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ.

ಹಾಗಾಗಿ ಕಥೆಯನ್ನು ತಿರುಗಿಸಿದೆ. ಹುಡುಗಿ ಮಾತ್ರೆ ಬಿಡಲ್ಲ, ಶುರು ಮಾಡುತ್ತಾಳೆ. ಅಣ್ಣನನ್ನು ಅವರ ಕೈಯಿಂದ ಎಳೆದು ತರಬೇಕಾದರೆ ಅವಳನ್ನು ಅವರು ಮುಟ್ಟಲಾಗದಂತೆ ಆಗಬೇಕು. ರಕ್ತದಲ್ಲಿ ಕಬ್ಬಿಣ ತುಂಬಬೇಕು. ಅದು ಒಂದು ವಾರದ ಕೆಲಸ ಅಲ್ಲ. ದೇಹದ ದಾಸ್ತಾನು ತುಂಬಲು ತಿಂಗಳುಗಟ್ಟಲೆ ಬೇಕು. ಬೇಸಿಗೆಯಿಂದ ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿಯವರೆಗೆ ಅವಳ ತಯಾರಿ ಅಂದರೆ ಇದೇ. ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ, ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ ಅಂತ ಚಹಾದ ಹೊತ್ತು ಬದಲಿಸುತ್ತಾಳೆ. ಫ್ಯಾಂಟಸಿ ಕಾದಂಬರಿಯಲ್ಲಿ ಮಲದ ಬಣ್ಣ ಬೇಕಾ ಅಂತ ಒಬ್ಬ ಸ್ನೇಹಿತರು ಕೇಳಿದರು. ಬೇಕು. ಮಾತ್ರೆ ನುಂಗುವ ಹುಡುಗಿಯರಿಗೆ ಅದು ಗೊತ್ತಿರುವ ವಿಷಯ, ಅದನ್ನು ಬಿಟ್ಟರೆ ಅವರಿಗೆ ನಾನು ನಿಜ ಹೇಳುತ್ತಿಲ್ಲ ಅಂತ ಗೊತ್ತಾಗುತ್ತೆ.

ಇದಕ್ಕೊಂದು ಬೆಲೆಯೂ ಇದೆ, ಅದು ಆ ನಿಯಮದೊಳಗಿಂದಲೇ ಬಂತು. ರಕ್ತ ಸುಧಾರಿಸಿದಂತೆ ಫೇರಿಗಳು ಅವಳ ಕಣ್ಣಿಗೆ ಮಸುಕಾಗುತ್ತಾರೆ. ಮೊದಲು ಮುಖ ಹೋಗುತ್ತೆ, ಆಮೇಲೆ ದನಿ. ಅವರನ್ನು ಎದುರಿಸುವ ಶಕ್ತಿ ಬಂದ ದಿನ ಅವಳಿಗೆ ಅವರು ಕಾಣೋದೇ ಇಲ್ಲ.

ಸುಳ್ಳಿನ ನಿಯಮ ಇನ್ನೊಂದು ತರಹ ಕೆಲಸ ಕೊಟ್ಟಿತು. ಫೇರಿಗಳು ಸುಳ್ಳು ಹೇಳಲಾರರು ಅನ್ನೋದು ಈಗಿನ ಫ್ಯಾಂಟಸಿಯಲ್ಲಿ ಎಲ್ಲ ಕಡೆ ಸಿಗುತ್ತೆ. ಅದರ ಹಳೇ ಗುರುತುಗಳೂ ಇವೆ. 1188ರಲ್ಲಿ ವೇಲ್ಸ್ ಸುತ್ತಿದ ಪಾದ್ರಿ ಜೆರಾಲ್ಡ್ ತಮ್ಮ ಪ್ರವಾಸದ ಬರಹದಲ್ಲಿ ಎಲಿಡೋರ್ ಎಂಬುವನ ಕಥೆ ಹೇಳುತ್ತಾರೆ. ಹನ್ನೆರಡರ ಹುಡುಗ, ಓದಿಗೂ ಏಟಿಗೂ ಹೆದರಿ ಓಡಿಹೋಗಿ ನದಿಯ ದಂಡೆಯ ಪೊಟರೆಯಲ್ಲಿ ಅವಿತಿದ್ದ. ಅಲ್ಲಿಗೆ ಬಂದ ಪುಟ್ಟ ಜನ ಅವನನ್ನು ತಮ್ಮ ನಾಡಿಗೆ ಕರೆದೊಯ್ದರು. ಅವರು ಆಣೆ ಮಾಡುತ್ತಿರಲಿಲ್ಲ, ಸುಳ್ಳನ್ನು ಕಂಡರೆ ಆಗುತ್ತಿರಲಿಲ್ಲ. ಹುಡುಗ ಅಮ್ಮನ ಮಾತು ಕೇಳಿ ಅವರ ಚಿನ್ನದ ಚೆಂಡು ಕದ್ದ. ಮನೆಯ ಹೊಸ್ತಿಲಲ್ಲಿ ಎಡವಿ ಬಿದ್ದ. ಚೆಂಡು ಹೋಯಿತು, ಆ ನಾಡಿನ ದಾರಿಯೂ ಮತ್ತೆ ಸಿಗಲಿಲ್ಲ. ಮುದುಕನಾಗಿ ಈ ಕಥೆ ಹೇಳುವಾಗಲೂ ಅಳುತ್ತಿದ್ದನಂತೆ.

ಬರೆಯುವವರಿಗೆ ಈ ನಿಯಮ ಯಾಕೆ ಕಷ್ಟ ಅಂತ ಒಂದು ಸಾಲು ತೋರಿಸಿದರೆ ಗೊತ್ತಾಗುತ್ತೆ. ಹುಡುಗಿ ದಿಬ್ಬದ ಹೆಂಗಸನ್ನು ಕೇಳುತ್ತಾಳೆ: "ನಮ್ಮಣ್ಣ ಬದುಕಿದ್ದಾನಾ?" ಆ ಹೆಂಗಸು ಹೌದು ಅಂದರೆ ನಿಜ, ಆದರೆ ಅವಳು ಪುಕ್ಕಟೆ ಏನನ್ನೂ ಕೊಡುವವಳಲ್ಲ. ಇಲ್ಲ ಅಂದರೆ ಸುಳ್ಳು. ಎಷ್ಟೋ ಉತ್ತರ ಬರೆದು ಹೊಡೆದು ಹಾಕಿದ ಮೇಲೆ ನಿಂತಿದ್ದು ಇದು: "ಇಂದು ಬೆಳಿಗ್ಗೆ ಅವನ ನಗು ಕೇಳಿದೆನು."

ಹುಡುಗಿಗೆ ಜೀವ ಬಂದಂತಾಗುತ್ತೆ. ಆದರೆ ದಿಬ್ಬದೊಳಗಿನ ಬೆಳಿಗ್ಗೆ ಯಾವ ಬೆಳಿಗ್ಗೆ? ಅಲ್ಲಿ ಒಂದೇ ರಾತ್ರಿ ಕಳೆದಿದೆ, ಹೊರಗೆ ಏಳು ವರ್ಷ. ಆ ನಗು ಅವನು ಒಳಗೆ ಹೋದ ಹೊತ್ತಿನದ್ದೂ ಇರಬಹುದು. ಮಾತು ಪೂರ್ತಿ ನಿಜ, ಅದರಿಂದ ಹುಡುಗಿಗೆ ಏನೂ ಗೊತ್ತಾಗಿಲ್ಲ. ಇಂಥ ಪ್ರತಿ ಸಾಲನ್ನೂ ಬೇರೆ ಕಾಗದದ ಮೇಲೆ ಬರೆದು, ಪಕ್ಕದಲ್ಲಿ ಅದು ಹೇಗೆ ನಿಜ, ಕೇಳಿದವಳಿಗೆ ಹೇಗೆ ಅನಿಸುತ್ತೆ ಅಂತ ಬರೆದುಕೊಂಡೆ. ಎರಡೂ ಒಂದೇ ಆಗಿದ್ದರೆ ಸಾಲು ಬದಲಾಯಿಸಿದೆ.

ಮಾತಿನ ರೀತಿಯನ್ನೂ ಬೇರೆ ಮಾಡಿದೆ. ಹುಡುಗಿ, ಅವಳ ಗೆಳತಿಯರು ದಿನದ ಮಾತು ಆಡುತ್ತಾರೆ, ಅರ್ಧ ವಾಕ್ಯದಲ್ಲಿ ನಿಲ್ಲಿಸುತ್ತಾರೆ. ದಿಬ್ಬದವರು ವಾಕ್ಯವನ್ನು ಪೂರ್ತಿ ಮಾಡುತ್ತಾರೆ, "ಕೇಳಿದೆನು", "ಬರುವೆನು" ಅನ್ನುತ್ತಾರೆ. ಕನ್ನಡದಲ್ಲಿ ಇದು ಎಷ್ಟು ಚೆನ್ನಾಗಿ ಒದಗುತ್ತೆ! ಒಂದು ಪ್ರತ್ಯಯ ಸಾಕು, ಮಾತಾಡಿದವರು ಈ ಕಾಲದವರಲ್ಲ ಅಂತ ಓದುಗರಿಗೆ ತಿಳಿಯುತ್ತೆ. ಆ್ಯಪ್‌ಗಳ ಷರತ್ತುಗಳಿಗೆ ಓದದೇ ಒಪ್ಪಿಗೆ ಕೊಡುವುದನ್ನು ಫೇರಿ ಒಪ್ಪಂದಕ್ಕೆ ಹೋಲಿಸುವ ಆಸೆ ಬಂದಿತ್ತು. ಬಿಟ್ಟೆ. ಎಲ್ಲರಿಗೂ ಮೊದಲು ಹೊಳೆಯೋದು ಅದೇ.

ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಫೇರಿಗಳು ಗುಟ್ಟಾಗಿ ಉಳಿಯೋದು ಹೇಗೆ ಅನ್ನೋದಕ್ಕೆ ಉತ್ತರ ಕಾಟಿಂಗ್ಲಿಯಿಂದ ಸಿಕ್ಕಿತು. 1917ರಲ್ಲಿ ಇಂಗ್ಲೆಂಡಿನ ಆ ಹಳ್ಳಿಯಲ್ಲಿ ಹದಿನಾರರ ಎಲ್ಸಿ ರೈಟ್ ಮತ್ತು ಅವಳ ಒಂಬತ್ತರ ಬಂಧು ಫ್ರಾನ್ಸಿಸ್ ಗ್ರಿಫಿತ್ಸ್ ತೊರೆಯ ಪಕ್ಕ ಫೇರಿಗಳ ಫೋಟೋ ತೆಗೆದರು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವನ್ನು ನಂಬಿ 1920ರಲ್ಲಿ ಲೇಖನ ಬರೆದರು. ಕಾಗದದ ಚಿತ್ರ ಕತ್ತರಿಸಿ, ಹ್ಯಾಟಿನ ಪಿನ್ನು ಚುಚ್ಚಿ ನಿಲ್ಲಿಸಿದ್ದು ಅಂತ ಎಲ್ಸಿ, ಫ್ರಾನ್ಸಿಸ್ ಒಪ್ಪಿಕೊಂಡಿದ್ದು 1980ರ ದಶಕದಲ್ಲಿ. ಒಂದು ಫೋಟೋ ಮಾತ್ರ ನಿಜ ಅಂತ ಫ್ರಾನ್ಸಿಸ್ ಕೊನೆವರೆಗೂ ಹೇಳಿದರು. ಹದಿನಾರು ಮತ್ತು ಒಂಬತ್ತು! ನನ್ನ ಹುಡುಗಿಗೆ ಈಗ ಹದಿನಾರು, ಅಣ್ಣ ಕಾಣೆಯಾದಾಗ ಒಂಬತ್ತು. ಈ ವಯಸ್ಸುಗಳನ್ನು ನಾನು ಮೊದಲೇ ಇಟ್ಟಾಗಿತ್ತು. ಓದಿದಾಗ ಮೈ ಜುಮ್ಮೆಂದಿತು.

ನನ್ನ ಕಥೆಯಲ್ಲಿ ಕ್ಯಾಮೆರಾದಲ್ಲಿ ಫೇರಿಗಳು ಚೆನ್ನಾಗೇ ಮೂಡುತ್ತಾರೆ. ಹುಡುಗಿ ವಿಡಿಯೋ ಹಾಕುತ್ತಾಳೆ. ಯಾವ ಆ್ಯಪ್‌ನಲ್ಲಿ ಮಾಡಿದ್ದು ಅಂತ ಎಲ್ಲರೂ ಕೇಳುತ್ತಾರೆ, ಹೊಗಳುತ್ತಾರೆ. 1920ರಲ್ಲಿ ಸುಳ್ಳು ಚಿತ್ರವನ್ನು ದೊಡ್ಡ ಲೇಖಕರೇ ನಂಬಿದರು, ಈಗ ನಿಜವಾದ ಚಿತ್ರವನ್ನು ಗೆಳತಿಯೂ ನಂಬಲ್ಲ. ಆ ಅಧ್ಯಾಯ ಒಂದೇ ಬೀಸಿನಲ್ಲಿ ಬಂತು, ಆಮೇಲೂ ಹೆಚ್ಚು ಮುಟ್ಟಲಿಲ್ಲ.

ಬದಲಿ ಮಗುವಿನ ಕಥೆಯನ್ನು ಮಾತ್ರ ನಾನು ತೆಗೆದುಕೊಳ್ಳಲೇ ಇಲ್ಲ. ಫೇರಿಗಳು ಮನುಷ್ಯರನ್ನು ಒಯ್ದು ಅವರ ರೂಪದ ಇನ್ನೊಂದನ್ನು ಬಿಟ್ಟು ಹೋಗುತ್ತಾರೆ ಎಂಬ ನಂಬಿಕೆ ಹಳೇ ಕಥೆಗಳ ತುಂಬಾ ಇದೆ. ಕಾದಂಬರಿಗೆ ಅದು ಸಿದ್ಧವಾಗಿ ಸಿಗುವ ತಿರುವು. ವಾಪಸ್ ಬಂದವನು ನಿಜವಾಗಿ ಅಣ್ಣನಾ? ಆದರೆ 1895ರ ಮಾರ್ಚ್‌ನಲ್ಲಿ ಐರ್ಲೆಂಡಿನ ಟಿಪ್ಪರರಿ ಕೌಂಟಿಯ ಬ್ಯಾಲಿವಾಡ್ಲೀ ಎಂಬಲ್ಲಿ ಬ್ರಿಜೆಟ್ ಕ್ಲೀರಿ ಎಂಬ ಯುವತಿ ಸತ್ತಳು. ಹೊಲಿಗೆ ಮಾಡಿ ತಾನೇ ದುಡಿಯುತ್ತಿದ್ದವಳು. ಕಾಯಿಲೆ ಬಿದ್ದಿದ್ದಳು. ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಬಿಟ್ಟು ಹೋದ ಬದಲಿ ಎಂದು ಗಂಡ ಮೈಕೆಲ್ ಅವಳನ್ನು ಸುಟ್ಟ. ಬಂಧುಗಳು ಮನೆಯಲ್ಲೇ ಇದ್ದರು. ಅವನಿಗೆ ಶಿಕ್ಷೆ ಆಯಿತು, ಹದಿನೈದು ವರ್ಷ ಜೈಲಲ್ಲಿದ್ದ. ಕಾಯಿಲೆ ಬಿದ್ದ ಮಕ್ಕಳನ್ನು, ಬೆಳವಣಿಗೆ ಬೇರೆ ತರಹ ಇದ್ದ ಮಕ್ಕಳನ್ನು ಇದೇ ಹೆಸರಿನಲ್ಲಿ ಹಿಂಸಿಸಿದ್ದು ದಾಖಲೆಯಲ್ಲಿದೆ.

ಇದನ್ನು ಓದಿದ ಮೇಲೆ, "ಇವನು ನನ್ನ ಮಗನಲ್ಲ" ಎಂಬ ಮಾತು ನನ್ನ ಪುಸ್ತಕದಲ್ಲಿ ಎಲ್ಲಿಯೂ ನಿಜವಾಗಬಾರದು ಅನ್ನಿಸಿತು. ಮನೆಯಲ್ಲಿ ಯಾರಿಗೂ ಅರ್ಥವಾಗದೇ ಇರುವ ಹುಡುಗ ಹುಡುಗಿಯರು ಈ ಪುಸ್ತಕ ಓದುತ್ತಾರೆ. ಅವರಿಗೆ ನಾನು ಆ ಮಾತನ್ನು ಕೊಡಲಾರೆ. ನನ್ನ ಕಥೆಯಲ್ಲಿ ದಿಬ್ಬದವರು ಏನನ್ನೂ ಬಿಟ್ಟು ಹೋಗಲ್ಲ. ಒಯ್ಯುತ್ತಾರೆ, ಅಷ್ಟೇ. ಖಾಲಿ ಮಂಚ ಉಳಿಯುತ್ತೆ.

ಪ್ರೇಮಕಥೆಯೂ ಇಲ್ಲ. ಫೇರಿ ಕಾದಂಬರಿ ಅಂದರೆ ನೂರಾರು ವರ್ಷ ವಯಸ್ಸಿನ ಚೆಲುವ ಫೇರಿ, ಹದಿನಾರರ ಹುಡುಗಿ ಅಂತ ಹಲವರು ನಿರೀಕ್ಷಿಸುತ್ತಾರೆ. ಆ ಜೋಡಿ ನನಗೆ ಒಗ್ಗಲ್ಲ. ಅಷ್ಟು ವಯಸ್ಸಿನವನಿಗೆ ಶಾಲಾ ಹುಡುಗಿಯ ಹತ್ತಿರ ಏನು ಮಾತು? ನನಗೆ ಬೇಕಿದ್ದದ್ದು ತಂಗಿ ಮತ್ತು ಅಣ್ಣ. ಅವಳು ಒಂಬತ್ತು ಇದ್ದಾಗ ಅವನು ಹದಿನೇಳು, ಅವಳ ಕಣ್ಣಿಗೆ ದೊಡ್ಡವನು. ಈಗ ಅವಳು ಹದಿನಾರು ದಾಟಿದ್ದಾಳೆ, ಅವನು ಇನ್ನೂ ಹದಿನೇಳೇ. ಆ ಒಂದು ಅಂತರ ಇಡೀ ಪುಸ್ತಕವನ್ನು ಎಳೆದುಕೊಂಡು ಹೋಯಿತು.

ಕೊನೆಯ ದೃಶ್ಯದ ಎಲುಬು ಸ್ಕಾಟ್ಲೆಂಡಿನ ಟ್ಯಾಮ್ ಲಿನ್ ಎಂಬ ಹಳೇ ಲಾವಣಿಯಿಂದ ಬಂದಿದೆ. ಅದರ ಕಥೆ ನಡೆಯೋದು ಸೆಲ್ಕರ್ಕ್ ಹತ್ತಿರ, ಎಟ್ರಿಕ್ ಮತ್ತು ಯ್ಯಾರೋ (Yarrow) ಎಂಬ ನದಿಗಳು ಸೇರುವ ಕಡೆಯ ಕಾರ್ಟರ್‌ಹಾ ಎಂಬ ಜಾಗದಲ್ಲಿ. ಫೇರಿ ರಾಣಿ ಹಿಡಿದಿಟ್ಟುಕೊಂಡ ಮನುಷ್ಯನೊಬ್ಬನನ್ನು ಜಾನೆಟ್ ಎಂಬ ಹುಡುಗಿ ಬಿಡಿಸುತ್ತಾಳೆ. ಏಳು ವರ್ಷಕ್ಕೊಮ್ಮೆ ಫೇರಿಗಳು ನರಕಕ್ಕೆ ಕಪ್ಪ ಕೊಡಬೇಕು, ಈ ಸಲ ತನ್ನನ್ನೇ ಕೊಡುತ್ತಾರೇನೋ ಅಂತ ಅವನಿಗೆ ಭಯ. ಹ್ಯಾಲೋವೀನ್ ರಾತ್ರಿ ಅವಳು ಅವನನ್ನು ಕುದುರೆಯಿಂದ ಕೆಳಗೆಳೆದು ಅಪ್ಪಿ ಹಿಡಿಯುತ್ತಾಳೆ. ಅವನು ಹಾವಾಗುತ್ತಾನೆ, ಕಾಡುಮೃಗವಾಗುತ್ತಾನೆ, ಕಾದ ಕಬ್ಬಿಣವಾಗುತ್ತಾನೆ. ಅವಳು ಬಿಡಲ್ಲ. ಆಯುಧವಿಲ್ಲ, ಮಂತ್ರವಿಲ್ಲ, ಬಿಡದೇ ಇರುವುದೊಂದೇ.

ಆ ಏಳು ವರ್ಷ ಇವತ್ತಿನ ಜಗತ್ತಲ್ಲೂ ಇದೆ. ಏಳು ವರ್ಷ ಸುಳಿವಿಲ್ಲದವರು ಸತ್ತಿದ್ದಾರೆ ಅಂತ ಭಾವಿಸುವುದು ಐರ್ಲೆಂಡಿನ ಕಾನೂನಿನ ಹಳೇ ಪದ್ಧತಿ. 2019ರಲ್ಲಿ ಐರ್ಲೆಂಡ್ ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ನನ್ನ ಕಥೆಯಲ್ಲಿ ಅಪ್ಪ ಆ ಅರ್ಜಿಯ ಕಾಗದಗಳನ್ನು ತಂದು ಮೇಜಿನ ಮೇಲಿಡುತ್ತಾನೆ. ಅವನು ಕೆಟ್ಟವನಲ್ಲ, ದಣಿದವನು. ದಿಬ್ಬದವರಿಗೂ ಗಡುವು ಅದೇ, ಮನೆಯವರಿಗೂ ಗಡುವು ಅದೇ. ಎರಡೂ ಕಡೆ ಹುಡುಗನನ್ನು ಲೆಕ್ಕದಿಂದ ತೆಗೆಯಲು ಹೊರಟಿದ್ದಾರೆ. ನಡುವೆ ನಿಂತವಳು ತಂಗಿ ಒಬ್ಬಳೇ.

ಹಿಡಿದುಕೊಳ್ಳುವ ದೃಶ್ಯ ಬರೆಯುವುದು ಇಡೀ ಪುಸ್ತಕದಲ್ಲೇ ಕಷ್ಟದ ಕೆಲಸವಾಯಿತು. ಅವಳಿಗೆ ಅವರು ಕಾಣಲ್ಲ, ಮಾಯೆಯಲ್ಲಿ ಮುಳುಗಿದ ಅಣ್ಣನೂ ಕಾಣಲ್ಲ. ಹಾಗಾಗಿ ದೃಶ್ಯದಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಎಲ್ಲ ಬರೀ ಸ್ಪರ್ಶ, ವಾಸನೆ, ತೂಕ. ತೋಳೊಳಗೆ ಒದ್ದೆ ತುಪ್ಪಳ. ಆಮೇಲೆ ತಣ್ಣಗೆ ಜಾರುವ ಪೊರೆ. ಆಮೇಲೆ ಏನೂ ಇಲ್ಲದಷ್ಟು ಹಗುರ, ಅದೇ ಎಲ್ಲಕ್ಕಿಂತ ಭಯಂಕರ, ಯಾಕಂದ್ರೆ ತಾನು ಕೈಬಿಟ್ಟೆನೇನೋ ಅಂತ ಅವಳಿಗೆ ಗೊತ್ತಾಗಲ್ಲ. ಅವಳು ತೋಳು ಸಡಿಲಿಸಲ್ಲ. ಕೊನೆಗೆ ಲಾವಣಿಯಲ್ಲಿರುವಂತೆ ಸುಡುವ ಕಬ್ಬಿಣ. ಅದು ಅಣ್ಣನ ಕೊನೆಯ ರೂಪ. ಅವನು ಕಬ್ಬಿಣವಾದ ಕ್ಷಣ ದಿಬ್ಬದವರಿಗೇ ಅವನನ್ನು ಮುಟ್ಟಲು ಆಗಲ್ಲ. ಅವರು ಅವಳನ್ನು ಹೆದರಿಸಲು ಮಾಡಿದ ಮಾಯೆ ಅವರ ಕೈಯನ್ನೇ ಕಟ್ಟುತ್ತೆ. ಹಳೇ ಲಾವಣಿಯಲ್ಲೇ ಇದ್ದ ಈ ಉತ್ತರ ಅಲ್ಲಿಗೆ ಬರುವವರೆಗೆ ನನಗೂ ಕಂಡಿರಲಿಲ್ಲ. ನಿಯಮಕ್ಕೆ ಕಟ್ಟುಬಿದ್ದಿದ್ದಕ್ಕೆ ಅದು ಸಿಕ್ಕಿತು.

ವಾಪಸ್ ಬಂದ ಮೇಲಿನ ಅಧ್ಯಾಯಗಳನ್ನು ಚಿಕ್ಕದು ಮಾಡಿ ಎಂದು ಓದಿದವರಲ್ಲಿ ಇಬ್ಬರು ಹೇಳಿದರು. ನಾನು ಇನ್ನೂ ಉದ್ದ ಮಾಡಿದೆ. ಐರಿಷ್ ಕಥೆಯ ಒಶೀನ್ ಎಂಬ ವೀರ ಮಾಯಾನಾಡಿನಿಂದ ಮುನ್ನೂರು ವರ್ಷದ ಮೇಲೆ ಮರಳಿ ಬಂದು, ಕುದುರೆಯಿಂದ ನೆಲ ಮುಟ್ಟಿದ ಕೂಡಲೇ ಮುದುಕನಾಗುತ್ತಾನೆ. ನನ್ನ ಹುಡುಗನಿಗೆ ಹಾಗಾಗಲ್ಲ, ಅವನು ಹದಿನೇಳರಲ್ಲೇ ಇರುತ್ತಾನೆ. ಅವನ ಜೇಬಲ್ಲಿ ಫೋನ್ ಇದೆ, ಚಾರ್ಜೂ ಉಳಿದಿದೆ. ಸಿಮ್ ಸತ್ತಿದೆ. ಮನೆಯ ವೈಫೈ ಅದೇ, ಪಾಸ್‌ವರ್ಡ್ ಬೇರೆ. ತಂಗಿ ಹೇಳಿಕೊಡುತ್ತಾಳೆ. ಆದರೂ ಒಂದು ಪುಟವೂ ತೆರೆಯಲ್ಲ, ಯಾಕಂದ್ರೆ ಫೋನಿನ ಪ್ರಕಾರ ಇನ್ನೂ ಏಳು ವರ್ಷದ ಹಿಂದಿನ ತಾರೀಕು, ಆ ತಾರೀಕಿಗೆ ಈಗಿನ ಸುರಕ್ಷತಾ ಪ್ರಮಾಣಪತ್ರಗಳು ಒಪ್ಪಲ್ಲ. ಗಡಿಯಾರ ಸರಿಮಾಡು ಅಂತ ಫೋನ್ ಕೇಳುತ್ತೆ. ಅವನು ವರ್ಷದ ಅಂಕಿಯನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತಾನೆ. ತಂಗಿ ಪಕ್ಕದಲ್ಲಿ ಕೂತು ಪ್ರತಿ ವರ್ಷಕ್ಕೂ ಏನಾಯಿತು ಅಂತ ಹೇಳುತ್ತಾ ಹೋಗುತ್ತಾಳೆ: ಅಜ್ಜಿ ತೀರಿಕೊಂಡ ವರ್ಷ, ಅಪ್ಪ ಬೇರೆ ಮನೆ ಮಾಡಿದ ವರ್ಷ, ಅವಳಿಗೆ ಕನ್ನಡಕ ಬಂದ ವರ್ಷ. ಓದಿದ ಹುಡುಗರೆಲ್ಲ ಮೆಚ್ಚಿಕೊಂಡ ಪುಟ ಇದು.

ಆಮೇಲೆ ಕಾಗದಪತ್ರ. ಹುಟ್ಟಿದ ದಿನಾಂಕದ ಪ್ರಕಾರ ಅವನಿಗೆ ಇಪ್ಪತ್ನಾಲ್ಕು. ಶಾಲೆ ಮುಗಿದಿಲ್ಲ. ಗೆಳೆಯರಿಗೆ ಕೆಲಸ ಸಿಕ್ಕಿದೆ, ಒಬ್ಬನಿಗೆ ಮಗುವಿದೆ. ಪೊಲೀಸರು ಎಲ್ಲಿದ್ದೆ ಅಂತ ಕೇಳಿದರೆ ಅವನು ನಿಜ ಹೇಳುತ್ತಾನೆ, ಅವರು ಅದನ್ನು ಬರೆದುಕೊಳ್ಳಲ್ಲ. ಅಮ್ಮ ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೇ ಅವನನ್ನು ರಕ್ತ ಪರೀಕ್ಷೆಗೆ ಕರೆದೊಯ್ಯುತ್ತಾಳೆ.

ಕರಡು ಈಗ ಸಂಪಾದಕರ ಹತ್ತಿರ ಇದೆ. ಅವರ ಮೊದಲ ಪ್ರಶ್ನೆ ದಿಬ್ಬದ ಸುತ್ತಲಿನ ಉಕ್ಕಿನ ಮೊಳೆಗಳ ಬಗ್ಗೆ. ಹುಡುಗಿ ಅವನ್ನು ಕೀಳುತ್ತೇನೆ ಅಂತ ಮಾತು ಕೊಟ್ಟಿದ್ದಳು, ಕೊಟ್ಟ ಮಾತು ನಡೆಸಿದಳಾ? ನಡೆಸುತ್ತಾಳೆ. ಅಮ್ಮನೂ ಬರುತ್ತಾಳೆ. ಉಕ್ಕಿನ ಬದಲು ಮರದ ಗೂಟಗಳನ್ನು ನೆಟ್ಟು, ಅಳತೆಯನ್ನು ಮತ್ತೆ ದಾಖಲೆ ಮಾಡುತ್ತಾಳೆ. ಆ ಅಧ್ಯಾಯವನ್ನು ಈಗ ಬರೆಯುತ್ತಿದ್ದೇನೆ.